ನಮ್ಮ ಮನೆ ತಗ್ಗಿನಲ್ಲಿಲ್ಲ ಸ್ವಾಮಿ, ನಿಮ್ಮ ರಸ್ತೆ ಮೇಲೆ ಬಂದಿದೆ

ನಮ್ಮ ತಂದೆ 1988ರಲ್ಲಿ ಈ ಮನೆ ಕಟ್ಟಿಸಿದಾಗ ಬೀದಿಯಿಂದ ಹೊಸ್ತಿಲಿಗೆ ಮೂರು ಮೆಟ್ಟಿಲು ಹತ್ತಿ ಬರಬೇಕಿತ್ತು. ಒಂದೊಂದು ಮೆಟ್ಟಿಲಿಗೆ ಆರು ಇಂಚು, ಒಟ್ಟು ಒಂದೂವರೆ ಅಡಿ. ಇವತ್ತು ಅದೇ ಹೊಸ್ತಿಲಿಗೆ ಬರಲು ಬೀದಿಯಿಂದ ಮೂರು ಇಂಚು ಕೆಳಗಿಳಿಯಬೇಕು. ಮನೆ ಕುಸಿದಿಲ್ಲ, ಗೋಡೆ ಬಿರುಕು ಬಿಟ್ಟಿಲ್ಲ, ಪಾಯದ ಸೈಜುಗಲ್ಲು ಇಟ್ಟಲ್ಲೇ ಇದೆ. ಆದರೂ ಈ ವಿಚಾರವಾಗಿ ನಮ್ಮೂರ ಪುರಸಭೆಯ ಮೆಟ್ಟಿಲು ಹತ್ತಿದಾಗಲೆಲ್ಲ (ಅವರ ಮೆಟ್ಟಿಲುಗಳು ಮಾತ್ರ ಇನ್ನೂ ಮೊದಲಿನಷ್ಟೇ ಇವೆ) ನನಗೆ ಸಿಗುವ ಉತ್ತರ ಒಂದೇ: 'ನಿಮ್ಮ ಮನೆ ತಗ್ಗಿನಲ್ಲಿದೆ, ನಾವೇನು ಮಾಡೋಣ?'

ಲೆಕ್ಕ ಬಹಳ ಸರಳವಾಗಿದೆ. ಮಣ್ಣಿನ ಬೀದಿಗೆ ಮೊದಲು ಜಲ್ಲಿ ಹರಡಿ ಡಾಂಬರು ಹಾಕಿದರು, ಅದು ಮೂರು ಇಂಚು. ಅದು ಕಿತ್ತುಹೋದ ಮೇಲೆ 2006ರಲ್ಲಿ ಅದರ ಮೇಲೆಯೇ ಸಿ.ಸಿ. ರಸ್ತೆ ಬಂತು, ಆರು ಇಂಚು. 2014ರಲ್ಲಿ ಆ ಕಾಂಕ್ರೀಟಿನ ಮೇಲೆ ಇನ್ನೊಂದು ಕಾಂಕ್ರೀಟು, ಮತ್ತೆ ಆರು ಇಂಚು. 2023ರ ಮಾರ್ಚಿನಲ್ಲಿ ಮೂರನೆಯದು, ಅದೂ ಆರು. ನಮ್ಮ ತಂದೆ ಮಳೆಗಾಲದ ಅಂದಾಜು ಮಾಡಿ ಬಿಟ್ಟಿದ್ದ ಹದಿನೆಂಟು ಇಂಚನ್ನು ಪುರಸಭೆ ನಾಲ್ಕು ಕಂತಿನಲ್ಲಿ ನುಂಗಿ, ಮೇಲೆ ಮೂರು ಇಂಚು ಬಡ್ಡಿಯನ್ನೂ ವಸೂಲು ಮಾಡಿದೆ.

ಮೂರನೆಯ ಪದರದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಿಧಾನಸಭಾ ಚುನಾವಣೆಯ ದಿನಾಂಕ 2023ರ ಮಾರ್ಚ್ 29ರಂದು ಘೋಷಣೆಯಾಯಿತು. ಘೋಷಣೆಯಾದ ಗಳಿಗೆಯಿಂದ ನೀತಿಸಂಹಿತೆ ಜಾರಿಗೆ ಬರುತ್ತದೆ, ಆಮೇಲೆ ಹೊಸ ಕೆಲಸ ಆರಂಭಿಸುವಂತಿಲ್ಲ. ಹೀಗಾಗಿ ಅದಕ್ಕೆ ಮುಂಚಿನ ಮೂರು ವಾರಗಳಲ್ಲಿ ನಮ್ಮ ಊರಿನಲ್ಲಿ ಗುದ್ದಲಿ ಪೂಜೆ ನಡೆಯದ ಬೀದಿಯೇ ಇರಲಿಲ್ಲ. ಒಂದೇ ಗುದ್ದಲಿ, ಒಂದೇ ಶಾಮಿಯಾನ, ಒಬ್ಬರೇ ಪುರೋಹಿತರು ಬೆಳಗಿನಿಂದ ಸಂಜೆಯವರೆಗೆ ವಾರ್ಡಿನಿಂದ ವಾರ್ಡಿಗೆ ಓಡಾಡುತ್ತಿದ್ದರು. ನಮ್ಮ ಬೀದಿಯ ಸರದಿ ಬಂದ ದಿನ ನಾನು ಗುತ್ತಿಗೆದಾರರ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, ಹಳೆಯದನ್ನು ಒಡೆದು ತೆಗೆದ ಮೇಲೆ ತಾನೇ ಹೊಸದು ಎಂದು ಕೇಳಿದೆ. 'ಹಳೆ ಕಾಂಕ್ರೀಟೇ ಗಟ್ಟಿ ಬೇಸು ಸಾರ್, ಅದನ್ನ ಯಾರಾದರೂ ಒಡೀತಾರಾ?' ಎಂದು ಆತ ನನ್ನನ್ನೇ ತಿಳಿಗೇಡಿಯಂತೆ ನೋಡಿದ. ಎರಡು ದಿನಗಳಲ್ಲಿ ಕಾಂಕ್ರೀಟು ಸುರಿದು ಮುಗಿಸಿದರು. ಒದ್ದೆ ಗೋಣಿಚೀಲ ಹೊದಿಸಿ, ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ ಎರಡು ವಾರ ಕ್ಯೂರಿಂಗ್ ಮಾಡಬೇಕಾದ ರಸ್ತೆಗೆ ನೀರು ಹಾಕಿದವರು ಅಕ್ಕಪಕ್ಕದ ಹೆಂಗಸರು, ಅದೂ ಧೂಳು ಏಳದಿರಲಿ ಎಂದು.

ಆ ವರ್ಷ ನಮಗೆ ಏನೂ ಗೊತ್ತಾಗಲಿಲ್ಲ. 2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತ್ತು, ಅರೆಮಲೆನಾಡಿನ ಅಂಚಿನಲ್ಲಿರುವ ನಮ್ಮ ತಾಲ್ಲೂಕು ಕೂಡ ಒಣಗಿತ್ತು. ಮಳೆ ಬಂದದ್ದು ಮರುವರ್ಷ, 2024ರ ಜುಲೈಯಲ್ಲಿ. ರಾತ್ರಿ ಎರಡು ಗಂಟೆಗೆ ಪಡಸಾಲೆಯಲ್ಲಿ ಮಲಗಿದ್ದ ನಮ್ಮ ತಾಯಿ ಹಾಸಿಗೆ ಒದ್ದೆಯಾಯಿತೆಂದು ಎದ್ದು ಕಾಲು ಕೆಳಗಿಟ್ಟರೆ ಹಿಮ್ಮಡಿ ಮುಳುಗುವಷ್ಟು ನೀರು. ಮಳೆನೀರಷ್ಟೇ ಆಗಿದ್ದರೆ ಬಳಿದು ಹಾಕಬಹುದಿತ್ತು. ರಸ್ತೆ ಏರಿದರೂ ಚರಂಡಿಯ ಗೋಡೆಯನ್ನು ಏರಿಸದಿದ್ದುದರಿಂದ ಬೀದಿಯ ಅಷ್ಟೂ ನೀರು ಚರಂಡಿಗೆ ನುಗ್ಗಿ, ಚರಂಡಿಯಲ್ಲಿದ್ದುದನ್ನೆಲ್ಲ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದಿತ್ತು. ಎರಡು ಮೂಟೆ ಅಕ್ಕಿ, ಮರದ ಪೆಟ್ಟಿಗೆಯಲ್ಲಿದ್ದ ಮನೆಯ ಕಾಗದಪತ್ರ, ದೇವರ ಕೋಣೆಯ ಮಣೆ, ಎಲ್ಲದಕ್ಕೂ ಅದೇ ವಾಸನೆ. ಈ ಮನೆಗೆ ಬಂದಂದಿನಿಂದ ಬೆಳಗ್ಗೆ ಎದ್ದು ಹೊಸ್ತಿಲು ತೊಳೆದು ಆ ನೀರನ್ನು ಬೀದಿಗೆ ತಳ್ಳುತ್ತಿದ್ದ ನಮ್ಮ ತಾಯಿ, ಬೀದಿಯ ನೀರನ್ನು ಒಳಗಿನಿಂದ ಮೊರದಲ್ಲಿ ಮೊಗೆದು ಬಕೆಟ್ಟಿಗೆ ತುಂಬುತ್ತ ಬೆಳಗು ಮಾಡಿದರು.

ಮಾರನೆಯ ದಿನ ದೂರು ಕೊಡಲು ಹೋದೆ. ಯಾರಿಗೆ ಕೊಡುವುದು? 2018ರಲ್ಲಿ ಆಯ್ಕೆಯಾದ ಸದಸ್ಯರಿಗೆ ಮೀಸಲಾತಿಯ ವ್ಯಾಜ್ಯದಿಂದಾಗಿ 2020ರ ಕೊನೆಯವರೆಗೆ ಅಧ್ಯಕ್ಷರೇ ಇರಲಿಲ್ಲ. ಆಮೇಲೆ ಬಂದವರ ಮೂವತ್ತು ತಿಂಗಳ ಅವಧಿ 2023ರಲ್ಲಿ ಮುಗಿಯಿತು. ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ನಮ್ಮ ಮನೆಗೆ ನೀರು ನುಗ್ಗಿದ ಜುಲೈ ತಿಂಗಳಿನಲ್ಲಿ ಪುರಸಭೆಗೆ ಇದ್ದದ್ದು ಆಡಳಿತಾಧಿಕಾರಿ ಮಾತ್ರ. ಅವರಿಗೆ ತಮ್ಮ ಕಂದಾಯ ಇಲಾಖೆಯ ಕೆಲಸವೇ ಹೊರಲಾರದಷ್ಟಿತ್ತು. ನಮ್ಮ ವಾರ್ಡಿನ ಸದಸ್ಯರು ಕೈ ಮುಗಿದು, 'ಸಭೆಯೇ ನಡೆಯುತ್ತಿಲ್ಲ, ನಾನೆಲ್ಲಿ ಮಾತಾಡಲಿ' ಎಂದರು. ಅದು ಸುಳ್ಳಲ್ಲ. ಆದರೆ ಅದೇ ಸದಸ್ಯರ ಹೆಸರು ರಸ್ತೆಯ ತುದಿಯ ಫಲಕದಲ್ಲಿ ಮೂರನೆಯ ಸಾಲಿನಲ್ಲಿ ಇಂದಿಗೂ ಇದೆ.

ನಮ್ಮ ಊರಿಗೆ ಆರು ಕಿಲೋಮೀಟರು ದೂರದ ನನ್ನ ಮಾವನ ಹಳ್ಳಿಯಲ್ಲಿ ಇಂಥದ್ದೇನಾದರೂ ಆದರೆ ಅವರಿಗೆ ಗ್ರಾಮಸಭೆ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ನಡೆಸಲೇಬೇಕು. ಅಲ್ಲಿ ಎದ್ದು ನಿಂತು ಅಧ್ಯಕ್ಷರನ್ನೂ ಪಿ.ಡಿ.ಒ. ಅವರನ್ನೂ ಹೆಸರು ಹಿಡಿದು ಕೇಳಬಹುದು, ಮಾವ ಕೇಳಿದ್ದೂ ಇದೆ. ಪಟ್ಟಣವೆನಿಸಿಕೊಂಡ ನಮಗೆ ಆ ಭಾಗ್ಯವಿಲ್ಲ. ನಗರಗಳಿಗೆ ಸ್ವಯಮಾಡಳಿತ ಕೊಟ್ಟಿತೆಂದು ನಾವು ಶಾಲೆಯಲ್ಲಿ ಓದಿದ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ಪುರಸಭೆ ಎಂದರೆ ಇಪ್ಪತ್ತರಿಂದ ಐವತ್ತು ಸಾವಿರದ ಊರು. ಬಾಯಿ ಬಿಡಬೇಕಾದರೆ ನಾವು ಹಳ್ಳಿಯಾಗಿ ಉಳಿಯಬೇಕಿತ್ತು, ಇಲ್ಲವೇ ಮಹಾನಗರವಾಗಿ ಬೆಳೆಯಬೇಕಿತ್ತು.

ಕೊನೆಗೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕಾಮಗಾರಿಯ ಕಡತ ಕೇಳಿದೆ. ಮೂವತ್ತು ದಿನಗಳಲ್ಲಿ ಬರಬೇಕಾದದ್ದು ಮೇಲ್ಮನವಿಯ ನಂತರ ಬಂತು. ಏನೋ ದೊಡ್ಡ ಮೋಸ ಹೊರಬೀಳುತ್ತದೆಂದು ನಾನು ಕಾದಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು. ಅಂಥದ್ದೇನೂ ಇರಲಿಲ್ಲ, ನನಗೆ ಹೆಚ್ಚು ಸಿಟ್ಟು ಬಂದದ್ದೂ ಅದಕ್ಕೇ. ಅಂದಾಜುಪಟ್ಟಿಯಲ್ಲಿ ಉದ್ದ ಇದೆ, ಅಗಲ ಇದೆ, ದಪ್ಪ 0.15 ಮೀಟರ್ ಎಂದಿದೆ. ಅಳತೆ ಪುಸ್ತಕದಲ್ಲಿಯೂ ಅದೇ ಇದೆ, ಸಹಿಗಳೆಲ್ಲ ಸರಿಯಾಗಿವೆ. ಹಳೆಯದನ್ನು ಕೀಳುವ ಬಾಬ್ತು ಇಲ್ಲವೇ ಇಲ್ಲ. ರಸ್ತೆಯ ಎರಡೂ ಬದಿಯ ಮನೆಗಳ ಹೊಸ್ತಿಲು ಯಾವ ಮಟ್ಟದಲ್ಲಿದೆ, ಚರಂಡಿಯ ಅಂಚು ಎಲ್ಲಿದೆ, ನೀರು ಯಾವ ಕಡೆಗೆ ಹರಿಯಬೇಕು ಎಂಬ ಒಂದೇ ಒಂದು ಅಂಕಿ ಆ ಇಡೀ ಕಡತದಲ್ಲಿ ಇಲ್ಲ. ಅಂದರೆ ನಮ್ಮ ಮನೆಯನ್ನು ಮುಳುಗಿಸಿದ ಕೆಲಸ ನಿಯಮದ ಪ್ರಕಾರವೇ, ತಕರಾರಿಲ್ಲದೆ, ಬಿಲ್ಲು ಪಾಸಾಗಿ ಮುಗಿದಿದೆ.

ಕಡತ ಹಿಡಿದು ಎಂಜಿನಿಯರ್ ಬಳಿ ಹೋದೆ. ಎರಡು ಊರುಗಳ ಪ್ರಭಾರ ಹೊತ್ತಿರುವ, ಊಟಕ್ಕೂ ಸಮಯವಿಲ್ಲದ ಹುಡುಗ. ಆತನ ಮೇಲೆ ಕೂಗಾಡಲು ಮನಸ್ಸಾಗಲಿಲ್ಲ. ಬಾಗಿಲು ಮುಂದೆ ಮಾಡಿ ಆತ ಹೇಳಿದ ಮಾತು ಇದು: ಬಂದ ಅನುದಾನದಲ್ಲಿ ಹಳೆಯದನ್ನು ಒಡೆದು, ಅವಶೇಷವನ್ನು ಲಾರಿಗೆ ತುಂಬಿ ಊರಾಚೆ ಸಾಗಿಸುವ ಖರ್ಚನ್ನು ಸೇರಿಸಿದರೆ ನೂರು ಮೀಟರಿನ ಬದಲು ಅರವತ್ತು ಮೀಟರು ಮಾತ್ರ ರಸ್ತೆಯಾಗುತ್ತದೆ, ಉಳಿದ ನಲವತ್ತು ಮೀಟರಿನ ಮನೆಯವರು ಬಂದು ಬಾಗಿಲಲ್ಲಿ ಕೂರುತ್ತಾರೆ, ಕಿತ್ತದ್ದರ ಫೋಟೋವನ್ನು ಯಾರೂ ಪತ್ರಿಕೆಗೆ ಕೊಡುವುದಿಲ್ಲ. ಚರಂಡಿಯನ್ನು ಜೊತೆಗೇ ಎತ್ತರಿಸಬಾರದಿತ್ತೇ ಎಂದದ್ದಕ್ಕೆ, ರಸ್ತೆಯ ಅನುದಾನ ಬೇರೆ, ಚರಂಡಿಯ ಅನುದಾನ ಬೇರೆ, ಚರಂಡಿ 'ಮುಂದಿನ ಕ್ರಿಯಾಯೋಜನೆಯಲ್ಲಿ' ಎಂದ. ಚರಂಡಿ ಕಟ್ಟುವುದು ಮತ್ತು ನಿರ್ವಹಿಸುವುದು ಪುರಸಭೆಯ ಕಡ್ಡಾಯ ಕರ್ತವ್ಯವೆಂದು 1964ರ ಪುರಸಭೆಗಳ ಕಾಯ್ದೆಯೇ ಹೇಳುವಾಗ ಅದು ಹೇಗೆ ಪ್ರತಿ ವರ್ಷ 'ಮುಂದಿನ' ಆಗುತ್ತದೆ ಎಂಬುದಕ್ಕೆ ಆತನ ಬಳಿ ಉತ್ತರವಿರಲಿಲ್ಲ.

ಇದು ಆಗದ ಕೆಲಸವೇನಲ್ಲ. ಪಕ್ಕದ ತಮಿಳುನಾಡಿನಲ್ಲಿ 2021ರಲ್ಲಿ ಅಲ್ಲಿನ ಮುಖ್ಯ ಕಾರ್ಯದರ್ಶಿಯವರೇ, ಹಳೆಯ ಮೇಲ್ಪದರವನ್ನು ಕೆರೆದು ತೆಗೆಯದೆ ಹೊಸ ರಸ್ತೆ ಹಾಕಕೂಡದು, ರಸ್ತೆಯ ಮಟ್ಟ ಏರಿ ಮನೆಗಳಿಗೆ ನೀರು ನುಗ್ಗಬಾರದು ಎಂದು ಅಧಿಕಾರಿಗಳಿಗೆ ಸೂಚನೆ ಕೊಟ್ಟರು. ಅಲ್ಲಿ ಎಲ್ಲ ಕಡೆ ಪಾಲನೆಯಾಗುತ್ತಿದೆ ಎಂದು ನಾನು ವಾದಿಸುವುದಿಲ್ಲ. ಆದರೆ ಇದು ತಪ್ಪು ಎಂದು ಬರೆದು ಸಹಿ ಮಾಡಿದವರು ಒಬ್ಬರಾದರೂ ಇದ್ದಾರೆ.

ಇನ್ನು ನಮ್ಮ ಬೀದಿಯವರ ಬಗ್ಗೆಯೂ ಎರಡು ಮಾತು. ದುಡ್ಡಿದ್ದವರು ಹಳೆಯ ಹೆಂಚಿನ ಮನೆ ಕೆಡವಿ ನಾಲ್ಕು ಅಡಿ ಎತ್ತರದ ಪಾಯದ ಮೇಲೆ ಆರ್.ಸಿ.ಸಿ. ಮನೆ ಎಬ್ಬಿಸಿದ್ದಾರೆ, ಅವರಿಗೆ ರಸ್ತೆ ಇನ್ನೂ ಮೂರು ಪದರ ಏರಿದರೂ ಚಿಂತೆಯಿಲ್ಲ. ಅವರ ಅಂಗಳದ ನೀರೂ ಕಾರು ಹತ್ತಿಸುವ ಇಳಿಜಾರಿನ ಮೂಲಕ ರಸ್ತೆಗೆ ಇಳಿದು ನಮ್ಮ ಕಡೆಗೇ ಬರುತ್ತದೆ. ಆ ಇಳಿಜಾರುಗಳಿಗಾಗಿ ಚರಂಡಿಯನ್ನು ಮುಚ್ಚಿದವರಲ್ಲಿ ನಾನೂ ಒಬ್ಬ. ಸ್ಕೂಟರು ಹತ್ತಿಸಲು ಹಾಕಿದ್ದ ಚಪ್ಪಡಿಯನ್ನು ನೀರು ನುಗ್ಗಿದ ಮರುದಿನ ನಾನೇ ಹಾರೆಯಿಂದ ಎಬ್ಬಿಸಿ ತೆಗೆದೆ. ಹತ್ತೊಂಬತ್ತು ಮನೆಗಳಲ್ಲಿ ತೆಗೆದವನು ನಾನೊಬ್ಬನೇ. ಉಳಿದಿರುವ ಏಳು ಹಳೆಯ ಮನೆಗಳವರು ಬಾಗಿಲಿಗೆ ಅಡ್ಡಲಾಗಿ ಇಟ್ಟಿಗೆಯ ಕಟ್ಟೆ ಕಟ್ಟಿಕೊಂಡಿದ್ದೇವೆ. ಮಂಡಿನೋವಿನ ನಮ್ಮ ತಾಯಿ ಆ ಒಂದು ಅಡಿ ಕಟ್ಟೆಯನ್ನು ದಾಟಲಾರದೆ ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ. ರಂಗೋಲಿಗೆ ಈಗ ಜಾಗವೂ ಇಲ್ಲ. ಕಟ್ಟೆಯ ಒಳಗಡೆ, ಬಾಗಿಲ ಹಿಂದೆ ಎರಡು ಎಳೆ ಎಳೆಯುತ್ತಾರೆ.

ತೆರಿಗೆಯಲ್ಲಿ ಮಾತ್ರ ನಾನು ಎಂದೂ ತಡ ಮಾಡಿದವನಲ್ಲ. ಪ್ರತಿ ಏಪ್ರಿಲ್ ತಿಂಗಳಲ್ಲಿ ಶೇ. 5ರ ರಿಯಾಯಿತಿ ಇರುವಾಗಲೇ ಕಟ್ಟುತ್ತೇನೆ. ಅದರ ಜೊತೆ ಶೇ. 15ರ ಆರೋಗ್ಯ ಕರ, ಶೇ. 6ರ ಗ್ರಂಥಾಲಯ ಕರ, ಶೇ. 3ರ ಭಿಕ್ಷುಕರ ಕರವನ್ನೂ ಕಟ್ಟುತ್ತೇನೆ. ಚರಂಡಿ ನೀರಲ್ಲಿ ನಿಂತು ಆರೋಗ್ಯ ಕರದ ರಸೀದಿ ನೋಡುವಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಸ್ವಯಂಘೋಷಣೆಯ ನಮೂನೆಯಲ್ಲಿ ಕಟ್ಟಡದ ವಯಸ್ಸು, ಚದರಡಿ, ಬಳಕೆ, ಎಲ್ಲವನ್ನೂ ನಾನೇ ತುಂಬಿ ಸಹಿ ಹಾಕಬೇಕು, ತಪ್ಪಿದರೆ ದಂಡ. ರಸ್ತೆ ಹಾಕುವವರು ಮಾತ್ರ ತಾವು ಎಷ್ಟು ಎತ್ತರಕ್ಕೆ ಏರಿದೆವೆಂದು ಯಾರಿಗೂ ಘೋಷಿಸಬೇಕಿಲ್ಲ.

ಹೊಸ ಅಧ್ಯಕ್ಷರು ಬಂದ ಮೇಲೆ ಫೋಟೋ, ಕಡತದ ಪ್ರತಿ, ಏಳು ಮನೆಯವರ ಸಹಿ ಸೇರಿಸಿ ಅರ್ಜಿ ಕೊಟ್ಟೆ. 'ಪರಿಶೀಲಿಸಲಾಗುವುದು' ಎಂಬ ಮೊಹರು ಬಿತ್ತು. ಎರಡನೆಯ ಅರ್ಜಿಗೂ ಬಿತ್ತು. ಈ ಮಧ್ಯೆ ನೀರಿನ ಹೊಸ ಪೈಪಿಗಾಗಿ ಬೇರೊಂದು ಕಡೆಯವರು ಬಂದು ಆ ಮೂರನೆಯ ಪದರವನ್ನು ಯಂತ್ರದಿಂದ ನಡುಮಧ್ಯೆ ಸೀಳಿ, ಪೈಪು ಹೂತು, ಮಣ್ಣು ಮುಚ್ಚಿ ಹೋದರು. ಹಾಗಾದರೆ ಒಡೆಯಲು ಬರುತ್ತದೆ, ಯಂತ್ರವೂ ಇದೆ, ಲಾರಿಯೂ ಇದೆ!

ಕಳೆದ ವಾರ ಬೀದಿಯುದ್ದಕ್ಕೂ ಸುಣ್ಣದ ಗೆರೆ ಎಳೆಯುತ್ತಿದ್ದರು. ಚರಂಡಿಯ ಕೆಲಸವಿರಬಹುದೆಂದು ಆಸೆಯಿಂದ ಹೊರಗೆ ಬಂದು ವಿಚಾರಿಸಿದೆ. ಪೈಪಿಗಾಗಿ ಸೀಳಿದ ರಸ್ತೆ ಹಾಳಾಗಿದೆಯಲ್ಲ, ಅದನ್ನು ಸಮ ಮಾಡಲು ಇಡೀ ಬೀದಿಗೆ ಮೇಲೆ ನಾಲ್ಕು ಇಂಚು ಹಾಕುತ್ತಾರಂತೆ. ನಾನು ಒಳಗೆ ಹೋಗಿ ಟೇಪು ತಂದು, ಅವರ ಎದುರಿಗೇ ಹೊಸ್ತಿಲಿನಿಂದ ರಸ್ತೆಗೆ ಅಳತೆ ಹಿಡಿದು, ಮೂರು ಇಂಚು ಎಂದು ಗೋಡೆಯ ಮೇಲೆ ಇದ್ದಿಲಿನಿಂದ ತಾರೀಖಿನ ಸಮೇತ ಬರೆದೆ. ಮೂರನೆಯ ಅರ್ಜಿಗೆ ಆ ಗೋಡೆಯ ಫೋಟೋವನ್ನು ಲಗತ್ತಿಸಿ ಸೋಮವಾರ ಕೊಟ್ಟು ಬಂದಿದ್ದೇನೆ. ಮೊಹರು ಬಿದ್ದಿದೆ.