ಕಾವೇರಿಗೆ ಒಳಹರಿವು, ವೇದಾವತಿಗೆ ಬರ

ನಮ್ಮ ಬಡಾವಣೆಯ ಶಾಲೆಯೊಂದು ಭೇದಭಾವಕ್ಕೆ ಎಳ್ಳುನೀರು ಬಿಟ್ಟಿದೆ. ಎಂಟನೇ ಕ್ಲಾಸಿನಲ್ಲಿ ಮೊದಲು ಎ, ಬಿ, ಸಿ ಅಂತ ಸೆಕ್ಷನ್ ಇದ್ದವು. ಸಿ ಸೆಕ್ಷನ್ ಮಕ್ಕಳ ಮನಸ್ಸಿಗೆ ನೋವಾಗುತ್ತೆ ಅಂತ ಯಾರೋ ಆಡಳಿತ ಮಂಡಳಿಗೆ ಹೇಳಿದರು. ಮಂಡಳಿ ಕರಗಿಹೋಯಿತು. ಸೆಕ್ಷನ್ ತೆಗೆಯಲಿಲ್ಲ, ಹೆಸರು ಬದಲಿಸಿತು. ಈಗ ಕಾವೇರಿ, ಶರಾವತಿ, ವೇದಾವತಿ. ಮೂರೂ ಪುಣ್ಯನದಿಗಳು, ಎಲ್ಲರೂ ಸಮಾನರು. ತೊಂಬತ್ತು ದಾಟಿದವರು ಕಾವೇರಿ, ಅರವತ್ತು ದಾಟಿದವರು ಶರಾವತಿ, ಉಳಿದವರು ವೇದಾವತಿ. ಅದು ಸುಮ್ನೆ ಅನುಕೂಲಕ್ಕೆ ಮಾಡಿಕೊಂಡ ವ್ಯವಸ್ಥೆ, ಅಷ್ಟೇ.

ಯಾವ ನದಿಯಲ್ಲಿ ನೀರಿಲ್ಲ ಅನ್ನೋದು ಮಕ್ಕಳಿಗೆ ಮೊದಲ ಪೀರಿಯಡ್‌ನಲ್ಲೇ ಗೊತ್ತಾಯಿತು.

ಟೆಸ್ಟ್ ಮುಗಿದಾಗಲೆಲ್ಲ ನೋಟಿಸ್ ಬೋರ್ಡ್‌ನಲ್ಲಿ ಜಲಾಶಯದ ಮಟ್ಟದ ಹಾಗೆ ಪಟ್ಟಿ ಬೀಳುತ್ತದೆ. ಕಾವೇರಿಗೆ ಒಳಹರಿವು ನಾಲ್ಕು, ಹೊರಹರಿವು ನಾಲ್ಕು. ಹೊರಹರಿದವನು ಬ್ಯಾಗು, ಬಾಟಲಿ, ಜ್ಯಾಮಿಟ್ರಿ ಬಾಕ್ಸ್ ಎತ್ತಿಕೊಂಡು ಪಾಠ ನಡೆಯುತ್ತಿರುವಾಗಲೇ ಕಾರಿಡಾರ್ ದಾಟಬೇಕು. ಕಿಟಕಿ ತುಂಬ ಮುಖಗಳು. ನಿನ್ನೆಯವರೆಗೆ ಅವನ ಡಬ್ಬಿಯ ಚಿತ್ರಾನ್ನ ತಿಂದ ಗೆಳೆಯ ಈಗ ನೋಟ್ಸ್ ಓದುವ ಹಾಗೆ ತಲೆ ಬಗ್ಗಿಸುತ್ತಾನೆ. ಪಾಪ, ಅವನದೇನೂ ತಪ್ಪಿಲ್ಲ. "ವೇದಾವತಿ ಹುಡುಗರ ಜೊತೆ ಜಾಸ್ತಿ ಸೇರಬೇಡ" ಅಂತ ಮನೆಯಲ್ಲಿ ಹೇಳಿ ಕಳಿಸಿರುತ್ತಾರೆ.

ಮೇಷ್ಟ್ರು ಮೂರು ಸಲ ಹೇಳಿದರೂ ತಲೆಗೆ ಹತ್ತದ ಬೀಜಗಣಿತ, ಪಕ್ಕದ ಬೆಂಚಿನವನು ಊಟದ ಬಿಡುವಿನಲ್ಲಿ "ಲೋ ದಡ್ಡಾ, ಹೀಗೆ ಕಣೋ" ಅಂದರೆ ಹತ್ತುತ್ತಿತ್ತು. ಹೇಳಿಕೊಟ್ಟವನಿಗೂ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಈಗ ವೇದಾವತಿಯಲ್ಲಿ ಪಕ್ಕದವನಿಗೂ ಬರುವುದಿಲ್ಲ, ಅವನ ಪಕ್ಕದವನಿಗೂ ಬರುವುದಿಲ್ಲ. ಹಾಗಾದರೆ ಅಲ್ಲಿಗೆ ಒಳ್ಳೇ ಅನುಭವಿ ಮೇಷ್ಟ್ರು ಬೇಕಲ್ವಾ? ಬೇಕು. ಆದರೆ ಅವರು ಕಾವೇರಿಯಲ್ಲಿ ಬಿಜಿ. ಬರುವವರಿಗೆ ಬಂದಿರುವುದನ್ನೇ ಮತ್ತೆ ಕಲಿಸುವುದು ಹೊಸಬರ ಕೈಲಾಗುವ ಕೆಲಸವೇ?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಮ್ಮ ಶಾಲೆ ಕಾನೂನಿಗೆ ತಲೆಬಾಗಿ ಬೆತ್ತವನ್ನು ಬೀರುವಿನಲ್ಲಿಟ್ಟು ಪಟ್ಟಿಯನ್ನು ಗೋಡೆಗೆ ಹಾಕಿತು. ಪಟ್ಟಿ ಯಾರ ಮೈಮೇಲೂ ಕೈ ಮಾಡುವುದಿಲ್ಲ.

ಪೋಷಕರ ಸಭೆಯಲ್ಲಿ ಒಬ್ಬರು ಎದ್ದು ಫಿನ್‌ಲೆಂಡ್ ಕಥೆ ತೆಗೆದರು. (ಪ್ರತಿ ಸಭೆಯಲ್ಲೂ ಒಬ್ಬರಾದರೂ ತೆಗೆಯುತ್ತಾರೆ.) ಗಣಿತಕ್ಕೂ ಭಾಷೆಗೂ ಮಕ್ಕಳನ್ನು ಹೀಗೆ ಮಟ್ಟ ನೋಡಿ ಬೇರೆ ಮಾಡುವುದನ್ನು ಅಲ್ಲಿನವರು 1985ರಲ್ಲೇ ಬಿಟ್ಟರು, ಹಲವು ದೇಶಗಳ ಮಕ್ಕಳು ಬರೆಯುವ ಪಿಸಾ ಪರೀಕ್ಷೆಯಲ್ಲಿ 2000ದಲ್ಲಿ ಓದುವಿಕೆಯಲ್ಲಿ ಫಸ್ಟ್ ಬಂದರು ಅಂದರು. ಕಾರ್ಯದರ್ಶಿಗಳು ಗಂಭೀರವಾಗಿ ಕೇಳಿಸಿಕೊಂಡು, "ಫಸ್ಟ್ ಬಂದಾಗ ಫ್ಲೆಕ್ಸ್ ಎಲ್ಲಿ ಹಾಕಿಸಿದ್ರಂತೆ?" ಅಂದರು.

ಸರ್ಕಾರವೂ ಮಕ್ಕಳ ಭಾರ ಇಳಿಸಲು ಪಾಡು ಪಡುತ್ತಿದೆ. ಆರರಿಂದ ಎಂಟನೇ ಕ್ಲಾಸಿನವರ ಬ್ಯಾಗ್ 3ರಿಂದ 4 ಕೆ.ಜಿ. ಮಾತ್ರ ಇರಬೇಕು. ತಿಂಗಳ ಮೂರನೇ ಶನಿವಾರ ಬ್ಯಾಗೇ ಬೇಡ, ಅದು ಸಂಭ್ರಮ ಶನಿವಾರ. ನಮ್ಮ ಶಾಲೆ ಇದನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಆ ದಿನ ಬ್ಯಾಗ್ ತಂದರೆ ಗೇಟಿನಿಂದಲೇ ವಾಪಸ್. ಪ್ಯಾಡು, ಪೆನ್ನು ಇದ್ದರೆ ಸಾಕು. ಟೆಸ್ಟ್ ಇರುತ್ತದೆ.

ಬರೀ ಶಾಲೆಯನ್ನೇ ಬೈಯೋದೂ ತಪ್ಪು ಬಿಡಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಜಿಲ್ಲೆಗಳಿಗೂ ಸೆಕ್ಷನ್ ಆಗುತ್ತದೆ. 2024ರಲ್ಲಿ ಉಡುಪಿ ಶೇ 94, ಯಾದಗಿರಿ ಶೇ 50.59. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಖಾಲಿ ಬಿದ್ದ ಮೇಷ್ಟ್ರ ಹುದ್ದೆಗೆ, ಗುಳೆ ಹೋದ ಅಪ್ಪ ಅಮ್ಮನಿಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. ಇಡೀ ಜಿಲ್ಲೆಯ ಮಕ್ಕಳು ಒಂದೇ ದಿನ ವೇದಾವತಿ ಸೇರುತ್ತಾರೆ.

ಇಷ್ಟರ ನಡುವೆ, ಮಕ್ಕಳಲ್ಲಿ ಒತ್ತಡ ಹೆಚ್ಚಾಗಿದೆ ಅನ್ನೋದು ಮಂಡಳಿಯ ಗಮನಕ್ಕೂ ಬಂದಿದೆ. ಕಾರಣ ಮೊಬೈಲ್ ಅಂತ ಸರ್ವಾನುಮತದಿಂದ ತೀರ್ಮಾನವಾಯಿತು. ಕಳೆದ ವಾರ ಮೈದಾನದಲ್ಲಿ ಒತ್ತಡ ನಿವಾರಣಾ ಶಿಬಿರ. ವೇದಿಕೆಯ ಹಿಂದೆ ಹತ್ತನೇ ಕ್ಲಾಸಿನ ಟಾಪರ್‌ಗಳ ಫ್ಲೆಕ್ಸ್. 620 ದಾಟಿದವಳ ಮುಖ ನಾಲ್ಕಡಿ, 600ರವರದು ಒಂದಡಿ, 560ರವರದು ಅಂಗೈಯಗಲ, ಆಮೇಲೆ ಬರೀ ನೀಲಿ ಬಣ್ಣ. ಅದರ ಮುಂದೆ ನಿಂತ ಭಾಷಣಕಾರರು "ಮಕ್ಕಳೇ, ನಿಮ್ಮನ್ನು ಯಾರ ಜೊತೆಗೂ ಹೋಲಿಸಿಕೊಳ್ಳಬೇಡಿ" ಅಂದರು. ಕುರ್ಚಿ ಮೇಲಿದ್ದ ಕಾವೇರಿ, ಬೆಂಚಿನ ಮೇಲಿದ್ದ ಶರಾವತಿ, ಜಮಖಾನದ ಮೇಲಿದ್ದ ವೇದಾವತಿ ಒಟ್ಟಿಗೇ ಚಪ್ಪಾಳೆ ತಟ್ಟಿದವು. ಆಮೇಲೆ ಹತ್ತು ನಿಮಿಷ ಧ್ಯಾನ. ಅತಿ ಹೆಚ್ಚು ನೆಮ್ಮದಿಯಿಂದ ಕೂತ ಮೂವರಿಗೆ ಬಹುಮಾನ.

ಸೆಕೆಂಡ್ ಬಂದ ಹುಡುಗಿಯ ತಾಯಿ ಸಂಜೆಯೇ ಶಾಲೆಗೆ ಬಂದಿದ್ದರು. ನೆಮ್ಮದಿಯಲ್ಲಿ ಮಗಳಿಗೆ ಎಲ್ಲಿ ಮಾರ್ಕ್ಸ್ ಹೋಯಿತು ಅಂತ ತಿಳಿಯಬೇಕಿತ್ತಂತೆ.