ಒಟಿಪಿ ಬಂತಾ ಅಮ್ಮಾ?

ಹತ್ತು ದಿನ ಇದ್ದು ಹೋಗೋಣ ಅಂತ ದುಬೈಗೆ ಅಕ್ಕನ ಮನೆಗೆ ಬಂದಿದ್ದೇನೆ. ಇಲ್ಲಿ ಲಿಫ್ಟ್ ಒಳಗೂ ಫುಲ್ ನೆಟ್‌ವರ್ಕ್. ಆದರೆ ನನ್ನ ದುಡ್ಡೇ ನನಗೆ ಸಿಗುತ್ತಿಲ್ಲ!

ರೋಮಿಂಗ್ ದುಬಾರಿ ಅಂತ ಸಿಮ್ಮನ್ನು ಅಮ್ಮನ ಫೋನಿಗೆ ಹಾಕಿ ಬಂದೆ. ದೊಡ್ಡ ಜಾಣ ನಾನು. ಸೋಮವಾರಪೇಟೆ ಹತ್ತಿರದ ನಮ್ಮ ತೋಟದಲ್ಲಿ ಸಿಗ್ನಲ್ ಬೇಕಾದರೆ ಮನೆ ಹಿಂದಿನ ದಿಬ್ಬ ಹತ್ತಿ, ಹಲಸಿನ ಮರದ ಕೆಳಗೆ ಫೋನ್ ಮೇಲೆತ್ತಿ ನಿಲ್ಲಬೇಕು.

ಶನಿವಾರ ಕಾಫಿ ಕೊಯ್ಲಿನವರ ಬಟವಾಡೆ. ಬ್ಯಾಂಕಿನ ಆ್ಯಪ್‌ಗೆ ಸಿಮ್ ಇದೇ ಫೋನಿನಲ್ಲಿ ಇರಬೇಕಂತೆ, ಸರಿ ಅಂತ ವೆಬ್‌ಸೈಟಿಗೆ ಹೋದರೆ ಒಟಿಪಿ ಕೊಡು ಅಂತದೆ. ವಾಟ್ಸಾಪ್ ಕರೆ ದುಬೈನಲ್ಲಿ ಹೋಗುವುದಿಲ್ಲ, ಮೆಸೇಜ್ ಮಾತ್ರ. ಅಮ್ಮ ಕನ್ನಡಕ ಮನೆಯಲ್ಲೇ ಬಿಟ್ಟು ದಿಬ್ಬ ಹತ್ತಿದ್ದಾರೆ. 3 ಅಂತ ಕಳಿಸಿದ್ದು 8 ಆಗಿತ್ತು. ಸರಿ ಮಾಡಿ ಕಳಿಸುವಷ್ಟರಲ್ಲಿ ಟೈಮ್ ಮುಗೀತು. ಮೂರನೇ ಸಲಕ್ಕೆ ಖಾತೆಯೇ ಲಾಕ್.

ಅಕ್ಕ ಈಗ ನಿಧಾನಕ್ಕೆ ಹೇಳ್ತಾಳೆ, "ಸಿಮ್ ತಂದು ಡೇಟಾ ಆಫ್ ಮಾಡಿದ್ರೆ ಸಾಕಿತ್ತಲ್ವೋ, ಬರೋ ಮೆಸೇಜಿಗೆ ದುಡ್ಡಿಲ್ಲ." ಇದನ್ನು ಹೊರಡುವ ಮೊದಲೇ ಹೇಳೋಕೆ ಏನಾಗಿತ್ತು? ಅತ್ತ ಅಮ್ಮ ಪಕ್ಕದ ತೋಟದವರ ಹತ್ತಿರ ಕೈಸಾಲ ಕೇಳೋಕೆ ಹೋಗಿದ್ದಾರೆ.