ಏಳು ವರ್ಷಕ್ಕೊಮ್ಮೆ ಹೃದಯ ಹೊಸದಾಗುತ್ತದೆಯೇ?

ದೇಹದ ಎಲ್ಲ ಜೀವಕೋಶಗಳೂ ಏಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಹೃದಯಾಘಾತದ ಗಾಯವೂ ತಾನಾಗಿ ಮಾಯುತ್ತದೆ ಎಂಬ ಸಂದೇಶ ಆಗಾಗ ಬರುತ್ತಿರುತ್ತದೆ. ಧೈರ್ಯ ತುಂಬುವ ಮಾತು, ಹಂಚಬೇಕು ಅನ್ನಿಸುವುದು ಸಹಜ. ಆದರೆ ಹೃದಯದ ಮಟ್ಟಿಗೆ ಇದು ನಿಜವಲ್ಲ.

ಚರ್ಮ, ಕರುಳಿನ ಒಳಪದರ ಬೇಗ ಹೊಸದಾಗುತ್ತವೆ. ಹೃದಯದ ಸ್ನಾಯುಕೋಶಗಳು ಹಾಗಲ್ಲ. ಇದನ್ನು ಕಂಡುಕೊಂಡ ಬಗೆಯೇ ಸೊಗಸು. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 (ಇಂಗಾಲದ ಒಂದು ವಿಕಿರಣಶೀಲ ರೂಪ) ಜಾಸ್ತಿಯಾಗಿತ್ತು, ಆಮೇಲೆ ಕ್ರಮೇಣ ಇಳಿಯುತ್ತ ಬಂತು. ಕೋಶ ಹುಟ್ಟುವಾಗ ಆ ಕಾಲದ ಗಾಳಿಯಲ್ಲಿದ್ದ ಪ್ರಮಾಣಕ್ಕೆ ತಕ್ಕಷ್ಟು ಅದರ ಡಿಎನ್‌ಎಗೆ ಸೇರುತ್ತದೆ. ಹಾಗಾಗಿ ಡಿಎನ್‌ಎಯಲ್ಲಿ ಅದು ಎಷ್ಟಿದೆ ಎಂದು ಅಳೆದರೆ, ಆ ಕೋಶ ಹುಟ್ಟಿದ ಕಾಲ ಅಂದಾಜಾಗುತ್ತದೆ. ಹೀಗೆ ಅಳೆದ 2009ರ ಅಧ್ಯಯನದ ಪ್ರಕಾರ, 25ನೇ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು, 75ರಲ್ಲಿ ಶೇ 0.45ರಷ್ಟು ಸ್ನಾಯುಕೋಶ ಮಾತ್ರ ಬದಲಾಗುತ್ತದೆ. ಹೃದಯಾಘಾತದ ನಷ್ಟ ತುಂಬಲು ಇದು ಸಾಲದು. ಸತ್ತ ಸ್ನಾಯುವಿನ ಜಾಗದಲ್ಲಿ ಕುಗ್ಗಿ ಹಿಗ್ಗದ ಗಾಯದ ಕಲೆ ಉಳಿಯುತ್ತದೆ.

ಜೀಬ್ರಾ ಮೀನು ಹೃದಯದ ತುಂಡನ್ನೇ ಮತ್ತೆ ಬೆಳೆಸಿಕೊಳ್ಳುತ್ತದೆ, ನಿಜ. ಆಗ ತಾನೇ ಹುಟ್ಟಿದ ಇಲಿಮರಿಯೂ ಅಷ್ಟೇ, ಆದರೆ ವಾರದೊಳಗೆ ಆ ಶಕ್ತಿ ಹೋಗುತ್ತದೆ. ಇಂಥ ಸಂಶೋಧನೆ ಅಮೂಲ್ಯ, ಅದು ಇನ್ನೂ ಚಿಕಿತ್ಸೆಯಾಗಿಲ್ಲ ಅಷ್ಟೇ.

ಹಾಗಾಗಿ ಸಂದೇಶ ಬಂದಾಗ ನೋಡಿ: ಪ್ರಯೋಗ ನಡೆದದ್ದು ಮೀನಿನ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ? ಯಾವ ಅಂಗದ ಕೋಶ? ಮೂಲ ಅಧ್ಯಯನದ ಹೆಸರು, ವರ್ಷ ಇದೆಯೇ? ಇದ್ದರೆ ಹುಡುಕಿ, ಅದರ ಸಾರಾಂಶ ಓದಿ. ಗುಳಿಗೆ ನಿಲ್ಲಿಸಿ ಎಂದಿದ್ದರೆ ಮೊದಲು ನಿಮ್ಮ ವೈದ್ಯರನ್ನೇ ಕೇಳಿ.